ಬಿಲ್ಲು ಬಾರದ ಊಟ

ಊಟ ಮುಗಿಸಿ ಏಳುವಾಗ 'ಅನ್ನದಾತಾ ಸುಖೀಭವ' ಎನ್ನುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ಆ ಮಾತನ್ನು ಹೋಟೆಲಿನಲ್ಲಿ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅಲ್ಲಿ ಮಾಣಿ ತಂದಿಟ್ಟ ಚೀಟಿ ನೋಡಿ, ನಾಲ್ಕು ಸೋಂಪಿನ ಕಾಳು ಬಾಯಿಗೆ ಹಾಕಿಕೊಂಡು, ದುಡ್ಡು ಕೊಟ್ಟು ಹೊರಬೀಳುತ್ತೇವೆ. ಹರಸುವ ಅಗತ್ಯ ಕಾಣುವುದಿಲ್ಲ, ಲೆಕ್ಕ ಚುಕ್ತಾ ಆಯಿತಲ್ಲ! ಮನೆಯ ಊಟಕ್ಕೆ ಋಣವುಂಟು, ಹೋಟೆಲಿನ ಊಟಕ್ಕೆ ಬಿಲ್ಲು ಉಂಟು ಎಂದು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿಟ್ಟು ನಾವು ನಿಶ್ಚಿಂತೆಯಿಂದ ಇದ್ದೇವೆ.

ಈ ನಿಶ್ಚಿಂತೆಯನ್ನು ಕೊಂಚ ಕದಲಿಸುವಂಥ ಎರಡು ಬಗೆಯ ಊಟದ ಮನೆಗಳನ್ನು ಅಮೆರಿಕದ ಫ್ಲಾರಿಡಾದಲ್ಲಿ ಒಂದೇ ಪ್ರವಾಸದಲ್ಲಿ ನೋಡುವ ಅವಕಾಶ ನನಗೆ ಒದಗಿತು. ಒಂದು, ಸಾವಿರಾರು ಜನರನ್ನು ಹೊತ್ತು ದ್ವೀಪ ದ್ವೀಪ ಸುತ್ತುವ ವಿಹಾರದ ಹಡಗು. ಇನ್ನೊಂದು, ಓರ್ಲಾಂಡೊ ಊರಿನ ಬಳಿಯ ಡಿಸ್ನಿ ವರ್ಲ್ಡ್ ಎಂಬ ವಿನೋದದ ಊರು. ಮಕ್ಕಳು ಪರದೇಶದಲ್ಲಿರುವ ನಮ್ಮಂಥ ಸಣ್ಣ ಊರಿನ ಎಷ್ಟೋ ತಾಯಂದಿರು ಈಗ ಈ ಎರಡನ್ನೂ ನೋಡಿ ಬರುತ್ತಾರೆ. ಬಂದವರು ಆಟಗಳ ವಿಷಯಕ್ಕಿಂತ ಹೆಚ್ಚಾಗಿ ಊಟದ ವಿಷಯವನ್ನೇ ಮಾತಾಡುತ್ತಾರೆ. ಹಾಗೆ ಮಾತಾಡುವಾಗ ಪ್ರತಿಸಲವೂ ಒಂದು ತೀರ್ಪು ಬರುತ್ತದೆ: ಹಡಗಿನವರು ಧಾರಾಳಿಗಳು, ಡಿಸ್ನಿಯವರು ದುಡ್ಡು ಸುಲಿಯುವವರು. ಈ ತೀರ್ಪು ಸರಿಯೇ ಎಂಬುದೇ ನನ್ನನ್ನು ಬಹುದಿನ ಕಾಡಿದ ಪ್ರಶ್ನೆ.

ಮೊದಲು ಹಡಗಿನ ಕ್ರಮ ಹೇಳುತ್ತೇನೆ. ಟಿಕೆಟ್ಟಿನ ಹಣದಲ್ಲೇ ಊಟ ಸೇರಿಹೋಗಿರುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದು ಕಡೆ ನಾವೇ ಬಡಿಸಿಕೊಳ್ಳುವ ಬಫೆ. ರಾತ್ರಿಗೆ ದೊಡ್ಡ ಭೋಜನಶಾಲೆ. ಅಲ್ಲಿ ಹಳೆಯ ಪದ್ಧತಿಯ ಪ್ರಕಾರ ಗೊತ್ತಾದ ಹೊತ್ತು, ಗೊತ್ತಾದ ಮೇಜು, ದಿನವೂ ಅದೇ ಮಾಣಿ. 2000ದಲ್ಲಿ ನಾರ್ವೀಜಿಯನ್ ಎಂಬ ಕಂಪನಿ ಈ ಕಟ್ಟುಪಾಡನ್ನು ಸಡಿಲಿಸಿ, ಬೇಕಾದಾಗ ಬೇಕಾದಲ್ಲಿ ಕೂತು ಉಣ್ಣಿ ಎಂದಿತು. ಡಿಸ್ನಿಯವರದೇ ಹಡಗುಗಳೂ ಇವೆ. ಮೊದಲನೆಯದು 1998ರಲ್ಲಿ ಯಾನ ಆರಂಭಿಸಿತು. ಅವುಗಳಲ್ಲಿ ದಿನಕ್ಕೊಂದು ಭೋಜನಶಾಲೆಗೆ ಹೋಗುವುದು, ಆದರೆ ಬಡಿಸುವವರು ನಮ್ಮ ಜೊತೆಯಲ್ಲೇ ಶಾಲೆಯಿಂದ ಶಾಲೆಗೆ ಬರುವುದು ಎಂಬ ವಿಶೇಷ ಏರ್ಪಾಡಿದೆ. 2024ರ ಜನವರಿಯಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿನಲ್ಲಿ 20 ಅಂತಸ್ತು, ತುಂಬಿದಾಗ 7,600 ಪ್ರಯಾಣಿಕರು, ಕೆಲಸಕ್ಕೆ 2,350 ಮಂದಿ. ನಮ್ಮ ಕಡೆಯ ದೊಡ್ಡ ಹೋಬಳಿ ಊರೊಂದು ಅಡುಗೆಮನೆ ಸಮೇತ ತೇಲಿಹೋದಂತೆ!

ನಾವು ಹೋದದ್ದು ಇಷ್ಟು ದೊಡ್ಡದರಲ್ಲಲ್ಲ. ಆದರೂ ಎರಡನೆಯ ರಾತ್ರಿಗೇ ನಮ್ಮ ಮೇಜಿನ ಹುಡುಗನಿಗೆ ನನಗೆ ಐಸು ಹಾಕದ ನೀರು ಬೇಕು, ಮೊಟ್ಟೆಯಿಲ್ಲದ ಸಿಹಿ ಬೇಕು, ಕೊನೆಗೊಂದಿಷ್ಟು ಮೊಸರು ಬೇಕು ಎಂಬುದೆಲ್ಲ ಬಾಯಿಪಾಠವಾಗಿತ್ತು. ಒಂದು ಪದಾರ್ಥ ಸೇರದಿದ್ದರೆ ಇನ್ನೊಂದು, ಅದೂ ಸಾಲದಿದ್ದರೆ ಮತ್ತೊಂದು. ಎದ್ದು ಬರುವಾಗ ಬಿಲ್ಲಿಲ್ಲ.

ಈ ಬಿಲ್ಲಿಲ್ಲದ ಸುಖವನ್ನು ನಾನು ಲಘುವಾಗಿ ಕಾಣಲಾರೆ. ಗಂಡಸರಿಗೆ ಇದು ಅಷ್ಟಾಗಿ ಅರ್ಥವಾಗಲಿಕ್ಕಿಲ್ಲ. ನಾವು ಹೆಂಗಸರು ಬುದ್ಧಿ ಬಂದಾಗಿನಿಂದ ಎಣಿಸಿದವರು. ಡಬ್ಬಿಯಲ್ಲಿ ಬೇಳೆ ಎಷ್ಟಿದೆ, ಹಾಲು ನಾಳೆಗೆ ಉಳಿಯುತ್ತದೆಯೇ, ನೆಂಟರು ನಾಲ್ವರು ಬಂದರೆ ಸಾರಿಗೆ ನೀರು ಎಷ್ಟು ಸೇರಿಸಬೇಕು, ಎಲ್ಲರೂ ಎದ್ದ ಮೇಲೆ ತಪ್ಪಲೆಯ ತಳದಲ್ಲಿ ತನಗೆಷ್ಟು ಉಳಿದಿದೆ - ಹೀಗೆ ಊಟವೆಂದರೆ ನಮಗೆ ಗಣಿತ. ಈ ಗಣಿತದಿಂದ ನಾಲ್ಕು ದಿನ ಬಿಡುಗಡೆ ಸಿಕ್ಕುವುದು, ಬಿಸಿಯಾದದ್ದನ್ನು ಇನ್ನೊಬ್ಬರು ತಂದು ಮುಂದಿಡುವುದು ಸಣ್ಣ ಮಾತಲ್ಲ. ನನ್ನ ಪಕ್ಕದ ಮೇಜಿನಲ್ಲಿದ್ದ ಒಬ್ಬ ಮುದುಕಿ, ಯಾವ ದೇಶದವಳೋ ಏನೋ, ಪ್ರತಿ ರಾತ್ರಿ ತಟ್ಟೆ ಬಂದೊಡನೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದಳು. ಅವಳ ನೋಟ ನನಗೆ ಅನುವಾದವಿಲ್ಲದೆ ತಿಳಿಯಿತು.

ಇನ್ನು ಡಿಸ್ನಿ ವರ್ಲ್ಡ್. 1971ರ ಅಕ್ಟೋಬರ್ 1ರಂದು ತೆರೆದದ್ದು. ಸುಮಾರು 25,000 ಎಕರೆ ನೆಲ, ನಾಲ್ಕು ವಿನೋದವನಗಳು, ತಂಗಲು ಸಾಲು ಸಾಲು ಹೋಟೆಲುಗಳು, ಚಿಕ್ಕದು ದೊಡ್ಡದೆಲ್ಲ ಸೇರಿ ನೂರಾರು ತಿಂಡಿ-ಊಟದ ಜಾಗಗಳು. ಒಳ್ಳೆಯ ಕಡೆ ಕೂತು ಉಣ್ಣಬೇಕಾದರೆ 60 ದಿನ ಮುಂಚೆಯೇ ಜಾಗ ಕಾದಿರಿಸಲು ಬಿಡುತ್ತಾರೆ. ಮದುವೆ ಛತ್ರ ಹಿಡಿದಂತೆ ಮಕ್ಕಳು ಬೆಳಗಿನ ಜಾವ ಎದ್ದು ಹಿಡಿಯುತ್ತಾರೆ. ಸಿಂಡರೆಲಾಳ ಕೋಟೆಯೊಳಗೊಂದು ಊಟದ ಮನೆ. ಮಿಕ್ಕಿ ಇಲಿಯೇ ಮೇಜಿನ ಬಳಿ ಬಂದು ಮಕ್ಕಳನ್ನು ಮಾತಾಡಿಸುವ ಇನ್ನೊಂದು. ಕಾಡುಪ್ರಾಣಿಗಳ ವಸತಿಯ ಪಕ್ಕದಲ್ಲಿರುವ 'ಸನಾ' ಎಂಬಲ್ಲಿ ಆಫ್ರಿಕದ ಜೊತೆ ನಮ್ಮ ದೇಶದ ರುಚಿಯನ್ನೂ ಬೆರೆಸಿದ್ದಾರೆ. ನಾನಿನಂಥ ರೊಟ್ಟಿಗಳು, ಸುತ್ತ ಒಂಬತ್ತು ಬಗೆಯ ಚಟ್ನಿ, ಗೊಜ್ಜು. ಕಿಟಕಿಯಾಚೆ ಜಿರಾಫೆ, ಜೀಬ್ರಾಗಳ ಮೇವು. ಇಲ್ಲಿ ಮಾತ್ರ ಪ್ರತಿಯೊಂದಕ್ಕೂ ಬೆಲೆ. ಬೆಲೆಯ ಮೇಲೆ ತೆರಿಗೆ, ಅದರ ಮೇಲೆ ಬಡಿಸಿದವರಿಗೆ ಆ ದೇಶದ ರೂಢಿಯಂತೆ ನೂರಕ್ಕೆ 18-20ರಷ್ಟು ಭಕ್ಷೀಸು. ಡಾಲರನ್ನು ರೂಪಾಯಿಗೆ ತಿರುಗಿಸಬೇಡ ಎಂದು ಮಗಳು ಎಷ್ಟು ಹೇಳಿದರೂ ನನ್ನ ತಲೆ ತಿರುಗಿಸಿಯೇ ತಿರುಗಿಸಿತು. ಚಟ್ನಿಯ ಒಂಬತ್ತು ಬಟ್ಟಲನ್ನೂ ಬೆರಳಿನಲ್ಲಿ ಒರೆಸಿದ ಹಾಗೆ ಮುಗಿಸಿ ಎದ್ದೆವು.

ಎಣಿಸುವ ಕಷ್ಟದಿಂದ ಬಿಡುಗಡೆ ಬೇಕೆಂಬ ಆಸೆ ನೆಲದ ಮೇಲೂ ಇದೆ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ: ಡಿಸ್ನಿಯವರಲ್ಲಿ ಊಟಕ್ಕೆ ಮುಂಚಿತವಾಗಿಯೇ ದುಡ್ಡು ಕಟ್ಟುವ ಒಂದು ಯೋಜನೆಯಿತ್ತು. ಸೋಂಕಿನ ಕಾಲದಲ್ಲಿ, 2020ರಲ್ಲಿ, ಅದನ್ನು ನಿಲ್ಲಿಸಿದ್ದರು. ಜನ ಮತ್ತೆ ಮತ್ತೆ ಕೇಳಿದ ಮೇಲೆ 2024ರ ಜನವರಿಯಲ್ಲಿ ಮರಳಿ ತಂದರು. ಖರ್ಚು ಕಡಿಮೆಯಾಗಲೆಂದಷ್ಟೇ ಅಲ್ಲ, ಉಣ್ಣುವ ಹೊತ್ತಿಗೆ ಖರ್ಚು ಕಣ್ಣಿಗೆ ಬೀಳದಿರಲೆಂದೂ ಜನ ದುಡ್ಡು ಕೊಡುತ್ತಾರೆ!

ಇಷ್ಟಕ್ಕೇ ನಿಂತರೆ ಹಡಗೇ ಗೆದ್ದಂತೆ. ಆದರೆ ಎಣಿಕೆಯೆಂಬುದು ಮಾಯವಾಗುವ ವಸ್ತುವಲ್ಲ. ನಾನು ಎಣಿಸುವುದನ್ನು ಬಿಟ್ಟರೆ ಅದನ್ನು ಇನ್ನೊಬ್ಬರು ಎಣಿಸುತ್ತಿರುತ್ತಾರೆ. ಮನೆಯಲ್ಲಿ ಮಕ್ಕಳು ಎಣಿಸದೆ ಉಣ್ಣುವುದು ತಾಯಿ ಎಣಿಸುವುದರಿಂದ. ಹಾಗಾದರೆ ಹಡಗಿನಲ್ಲಿ ತಾಯಿಯ ಜಾಗದಲ್ಲಿರುವವರು ಯಾರು?

ಮೂರನೆಯ ದಿನ ನಾನೂ ಮಗಳೂ ಮಾತಾಡುತ್ತಿದ್ದುದು ಕಿವಿಗೆ ಬಿದ್ದು, ಆಚೆ ಮೇಜಿನಲ್ಲಿ ಬಡಿಸುತ್ತಿದ್ದ ಹುಡುಗನೊಬ್ಬ, 'ನೀವು ಕನ್ನಡದವರಾ?' ಎಂದು ಕೇಳಿದ. ನಮ್ಮ ಕರಾವಳಿಯವನು. ಗೋವಾ, ಮಂಗಳೂರು ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವುದು ಹೊಸತಲ್ಲ. ಫಿಲಿಪೈನ್ಸ್, ಇಂಡೊನೇಷ್ಯಾದವರ ಜೊತೆ ನಮ್ಮವರೂ ಇಂಥ ಹಡಗುಗಳಲ್ಲಿ ಬಹಳ ಮಂದಿ ಇದ್ದಾರೆ. ಬಂದು ಏಳು ತಿಂಗಳಾಗಿತ್ತಂತೆ, ಇನ್ನೊಂದು ತಿಂಗಳಿಗೆ ಒಪ್ಪಂದ ಮುಗಿಯುತ್ತದಂತೆ. ಅಕ್ಕನ ಮದುವೆ ಮಾಡಿದ್ದು, ಹಳೆಯ ಹಂಚಿನ ಮನೆಗೆ ತಾರಸಿ ಹಾಕಿಸಿದ್ದು ಎಲ್ಲ ಈ ದುಡಿಮೆಯಲ್ಲೇ. ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬರು. ವಾರದ ರಜೆ ಎಂಬುದಿಲ್ಲ. ನಾನು 'ಪಾಪ' ಎಂದೆನೇನೋ, ಅವನು ನಕ್ಕು, 'ಪಾಪ ಅನ್ನಬೇಡಿ ಅಮ್ಮ, ಇದು ಕೆಲಸ. ಊರಲ್ಲಿ ಇದರ ಅರ್ಧ ಸಂಬಳವೂ ಇಲ್ಲ' ಎಂದ. ಇನ್ನೊಂದು ಮೇಜಿನವರು ಕರೆದರು, ಹೋದ.

ಆಮೇಲೆ ನಾನು ಮಗಳಿಂದ ಈ ಹಡಗುಗಳ ಕಾನೂನನ್ನು ಓದಿಸಿಕೊಂಡೆ. ಫ್ಲಾರಿಡಾದಿಂದ ಹೊರಡುವ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟ ಹಾರಿಸುತ್ತವೆ. ಬಾವುಟ ಯಾರದೋ ಕಾನೂನು ಅವರದು. ಹತ್ತಿದ ಬಂದರು ಅಮೆರಿಕದ್ದಾದರೂ ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಆ ಹುಡುಗನಿಗೆ ಅನ್ವಯಿಸದು. ಹಡಗಿನ ನೌಕರರಿಗಾಗಿ 2006ರಲ್ಲಿ ಆದ, 2013ರ ಆಗಸ್ಟಿನಲ್ಲಿ ಜಾರಿಗೆ ಬಂದ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ಅದು ಕೊಡುವ ಎರಡು ಅಳತೆಗಳಲ್ಲಿ ಒಂದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕು. ಗೃಹಿಣಿಯ ಲೆಕ್ಕವನ್ನೇ ಮಾಡೋಣ. ವಾರಕ್ಕೆ 168 ಗಂಟೆ. 77 ಕಳೆದರೆ 91. ಏಳರಿಂದ ಭಾಗಿಸಿ: ದಿನಕ್ಕೆ 13 ಗಂಟೆಯ ದುಡಿಮೆ ಕಾನೂನಿನ ಒಳಗೇ ಸಾಧ್ಯ, ಭಾನುವಾರವೂ ಸೇರಿ.

ಡಿಸ್ನಿಯ ಮೇಜಿಗೆ ಬಡಿಸುವವರ ಪಾಡು? ಅವರು ಸ್ವರ್ಗದಲ್ಲಿಲ್ಲ. ಡಿಸ್ನಿ ಮನೆತನದವಳೇ ಆದ, ರಾಯ್ ಡಿಸ್ನಿಯ ಮೊಮ್ಮಗಳು ಅಬಿಗೇಲ್ ಡಿಸ್ನಿ, 2022ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಕೆಲಸಗಾರರ ಬಡತನದ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ತಂದಳು. ಆದರೆ ಅಲ್ಲಿ ಕಾರ್ಮಿಕ ಸಂಘಗಳಿವೆ. ಫ್ಲಾರಿಡಾದಲ್ಲಿ 2023ರಲ್ಲಿ ಸಂಘಗಳು ಮಾತುಕತೆ ನಡೆಸಿ ಕನಿಷ್ಠ ಕೂಲಿಯನ್ನು ಗಂಟೆಗೆ 18 ಡಾಲರಿಗೆ ಏರಿಸಿಕೊಂಡವು (ಭಕ್ಷೀಸು ಸಿಗುವ ಮಾಣಿಗಳ ಲೆಕ್ಕ ಬೇರೆ). ಎಲ್ಲಕ್ಕಿಂತ ಮುಖ್ಯವಾಗಿ, ಪಾಳಿ ಮುಗಿದ ಮೇಲೆ ಆಕೆ ಸಮವಸ್ತ್ರ ಕಳಚಿ, ತನ್ನ ಮನೆಗೆ ಹೋಗಿ, ತನ್ನ ಮಕ್ಕಳ ಜೊತೆ ಕೂತು ಉಣ್ಣಬಹುದು. ಬಾಡಿಗೆ ದುಬಾರಿಯಿರಬಹುದು, ಮನೆ ದೂರವಿರಬಹುದು, ಆದರೂ ಮನೆ. ಹಡಗಿನ ಹುಡುಗನಿಗೆ ಬಾಗಿಲಿನಾಚೆ ಸಮುದ್ರ.

ಹಾಗಾದರೆ ಹಡಗಿನ ಧಾರಾಳವೆಂಬುದು ಯಾರದು? ಕಂಪನಿಯದೋ, ನಾವು ಕಟ್ಟಿದ ಟಿಕೆಟ್ಟಿನದೋ, ಆ ಹುಡುಗ ಮನೆಯಿಂದ ದೂರವಿದ್ದು ಕೊಟ್ಟ ತಿಂಗಳುಗಳದೋ? ಮೂರೂ ಸೇರಿದೆ ಎನ್ನೋಣ. ಮೊದಲ ಎರಡಕ್ಕೆ ರಸೀತಿ ಇದೆ, ಮೂರನೆಯದಕ್ಕಿಲ್ಲ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಅದನ್ನು ನನ್ನ ಅಳಿಯನೇ ಎತ್ತಿದ. 'ಆ ನಗು, ಆ ಉಪಚಾರ ಎಲ್ಲ ಸಂಬಳಕ್ಕೆ ಮಾಡುವ ನಾಟಕ ಅತ್ತೆ. ನಾವು ದುಡ್ಡು ಕೊಟ್ಟಿದ್ದೇವೆ, ಅವರು ಕೆಲಸ ಮಾಡಿದ್ದಾರೆ. ಅದರಲ್ಲಿ ಋಣ ಎಲ್ಲಿಂದ ಬಂತು?' ತರ್ಕ ಸರಿಯಾಗಿಯೇ ಇದೆ. ಆದರೆ ಸಂಬಳಕ್ಕೆ ನಕ್ಕ ನಗು ಸುಳ್ಳು ಎನ್ನುವುದನ್ನು ನಾನು ಒಪ್ಪಲಾರೆ. ಹಾಗೆನ್ನುವುದಾದರೆ ನಮ್ಮ ನಗುವಿನ ಗತಿ ಏನು? ತಲೆನೋವಿನ ದಿನ, ಮುನಿಸಿನ ದಿನ, ತವರಿನಿಂದ ಕೆಟ್ಟ ಸುದ್ದಿ ಬಂದ ದಿನವೂ ನಾವು ನಗುಮುಖದಿಂದಲೇ 'ಇನ್ನೊಂದು ಹಾಕಿಸಿಕೊಳ್ಳಿ' ಎಂದಿಲ್ಲವೇ? ಅದು ನಾಟಕವೆಂದು ಯಾರಾದರೂ ಅಂದಿದ್ದಾರೆಯೇ? ಮನಸ್ಸು ಎಲ್ಲೋ ಇದ್ದಾಗಲೂ ಎದುರಿಗಿದ್ದವರ ಹಸಿವನ್ನು ಗಮನಿಸುವುದು ಒಂದು ವಿದ್ಯೆ. ಅದನ್ನು ಕಲಿತವರಿಗೆ ಸಂಬಳ ಸಿಕ್ಕುವುದು ಸರಿಯೇ. ನಮಗೆ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ವ್ಯತ್ಯಾಸ ಇರುವುದು ಬೇರೆ ಕಡೆ. ಮನೆಯಲ್ಲಿ ಬಡಿಸುವುದಕ್ಕೆ ಒಂದು ಸರದಿ ಇದೆ. ಇಂದು ಬಡಿಸಿದ ಸೊಸೆಗೆ ತವರಿನಲ್ಲಿ ತಾಯಿ ಬಡಿಸುತ್ತಾಳೆ. ಬಡಿಸಿ ಬಡಿಸಿ ಸಣ್ಣಗಾದ ತಾಯಿಗೆ ಎಂದಾದರೂ ಮಗಳು ಕೂರಿಸಿ ಬಡಿಸುತ್ತಾಳೆ. ಎಷ್ಟೋ ಮನೆಗಳಲ್ಲಿ ಆ ಸರದಿ ಬರುವುದೇ ಇಲ್ಲ, ನಿಜ. ಬರದಿದ್ದಾಗ ಅದನ್ನು ಅನ್ಯಾಯವೆಂದು ಗುರುತಿಸುತ್ತೇವಷ್ಟೆ. ಹಡಗಿನಲ್ಲಿ ಸರದಿ ಎಂಬ ಮಾತೇ ಇಲ್ಲ. ಆ ಹುಡುಗ ನನಗೆ ಬಡಿಸಿದ, ನಾನವನಿಗೆ ಎಂದೂ ಬಡಿಸುವುದಿಲ್ಲ. 'ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು' ಎಂಬ ಗಾದೆ ಇದೆಯಲ್ಲ, ಅದು ಉಣ್ಣುವವರ ಗಾದೆ. ಬಡಿಸುವವನು ಯಾವ ಪಂಕ್ತಿಯಲ್ಲಿ ಕೂರುತ್ತಾನೆ ಎಂದು ಗಾದೆ ಮಾಡಿದವರೂ ಕೇಳಲಿಲ್ಲ.

ಪಂಕ್ತಿಯ ಮಾತು ಬಂದಾಗ ನಾವು ಬಹಳ ಬೀಗುವ ಹಾಗಿಲ್ಲ. ಜಾತಿ ನೋಡಿ ಪಂಕ್ತಿ ಬೇರೆ ಮಾಡಿದವರು ನಾವು. ಹಡಗಿನವರು ದುಡ್ಡು ನೋಡಿ ಮಾಡುತ್ತಾರೆ. 1905ರಲ್ಲೇ 'ಅಮೆರಿಕ' ಎಂಬ ಜರ್ಮನ್ ಹಡಗಿನಲ್ಲಿ ಬೇರೆ ದುಡ್ಡು ಕೊಟ್ಟು ಉಣ್ಣುವ ರಿಟ್ಜ್ ಭೋಜನಶಾಲೆ ಇತ್ತು. ಈಗಲೂ 'ಎಲ್ಲವೂ ಸೇರಿದೆ' ಎಂದು ಹತ್ತಿಸಿಕೊಂಡ ಮೇಲೆ, ಹೆಚ್ಚಿನ ರುಚಿ ಬೇಕಾದವರಿಗೆ ಹೆಚ್ಚಿನ ದುಡ್ಡಿನ ಮೇಜುಗಳು ಬಹುತೇಕ ಹಡಗುಗಳಲ್ಲಿ ಉಂಟು. ಬಿಲ್ಲು ಬಾರದ ಊಟದ ಪಕ್ಕದಲ್ಲೇ ಬಿಲ್ಲು ಬರುವ ಊಟ ಘಮಘಮಿಸುತ್ತಿರುತ್ತದೆ.

ಇನ್ನು ಚೆಲ್ಲುವ ವಿಷಯ. ಹಡಗಿನ ಬಫೆಯಲ್ಲಿ ತಟ್ಟೆ ತುಂಬಿಸಿಕೊಂಡು, ಎರಡು ತುತ್ತು ರುಚಿ ನೋಡಿ, ಬಿಟ್ಟು, ಇನ್ನೊಂದು ತಟ್ಟೆಗೆ ಎದ್ದವರನ್ನು ನಾನು ಎಣಿಸಲು ಹೋಗಿ ಸೋತೆ. ಡಿಸ್ನಿಯಲ್ಲಿ ಅದೇ ಜನ ಉಳಿದ ಅರ್ಧ ತುಂಡನ್ನು ಡಬ್ಬಿಗೆ ಹಾಕಿಸಿಕೊಂಡು ಕೋಣೆಗೆ ಒಯ್ಯುತ್ತಿದ್ದರು. ಉಳಿದದ್ದರ ಗತಿಯೂ ಬೇರೆ ಬೇರೆ. ಡಿಸ್ನಿ ವರ್ಲ್ಡಿನಲ್ಲಿ ಬಡಿಸದೆ ಉಳಿದ ಒಳ್ಳೆಯ ಅಡುಗೆಯಲ್ಲಿ ಒಂದು ಪಾಲು 'ಸೆಕೆಂಡ್ ಹಾರ್ವೆಸ್ಟ್' ಎಂಬ ಅನ್ನಭಂಡಾರದ ಮೂಲಕ ಹಸಿದವರಿಗೆ ಹೋಗುತ್ತದೆ. ಸಮುದ್ರದ ಮಧ್ಯೆ ಹಸಿದವರನ್ನು ಎಲ್ಲಿ ಹುಡುಕುವುದು? ಅಂತರರಾಷ್ಟ್ರೀಯ ನಿಯಮದಂತೆ ಕೆರಿಬಿಯನ್ ಕಡಲಿನಲ್ಲಿ ತೀರದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ, 25 ಮಿಲಿಮೀಟರಿನ ಜಾಲರಿಯಲ್ಲಿ ಹಾಯುವಷ್ಟು ಸಣ್ಣಗೆ ಅರೆದು, ಉಳಿದ ಅನ್ನವನ್ನು ನೀರಿಗೆ ಬಿಡಬಹುದು. ನೆಲದ ಊಟದಲ್ಲಿ ಬೆಲೆಯೆಂಬುದು ನಮ್ಮ ಕೈ ಹಿಡಿಯುತ್ತದೆ. ಬೆಲೆ ಕಾಣದಾದಾಗ ನಮ್ಮ ಕೈಯನ್ನು ನಾವೇ ಹಿಡಿದುಕೊಳ್ಳಬೇಕಾಗುತ್ತದೆ, ಅದು ಕಷ್ಟ.

ಹಾಗೆಂದು ಬಿಲ್ಲು ಇದ್ದಲ್ಲಿ ಧರ್ಮ ಇದೆ ಎಂದು ನಾನು ಹೇಳುತ್ತಿಲ್ಲ. ಬಿಲ್ಲು ನೆನಪಿಸುವುದು ಬೆಲೆಯನ್ನು, ಬಡಿಸಿದವರನ್ನಲ್ಲ. ಡಿಸ್ನಿಯಲ್ಲಿ 2012ರಲ್ಲಿ ತೆರೆದ ಒಂದು ಪ್ರಸಿದ್ಧ ಭೋಜನಶಾಲೆ 1991ರ 'ಬ್ಯೂಟಿ ಅಂಡ್ ದಿ ಬೀಸ್ಟ್' ಚಿತ್ರದ ಕೋಟೆಯ ಮಾದರಿಯದು. ಆ ಕಥೆಯಲ್ಲಿ ಶಾಪದಿಂದಾಗಿ ಅರಮನೆಯ ಆಳುಗಳೆಲ್ಲ ದೀಪದ ಕಂಬ, ಚಹಾದ ಕೂಜೆ, ಗಡಿಯಾರಗಳಾಗಿ ಹೋಗಿರುತ್ತಾರೆ. ಒಬ್ಬ ಅತಿಥಿ ಬಂದಳೆಂದರೆ ಸಂಭ್ರಮದಿಂದ ಬಡಿಸುತ್ತಾರೆ. ಮಕ್ಕಳು ಅದನ್ನು ನೋಡಿ ಕುಣಿಯುತ್ತಾರೆ. ನನಗೆ ಮಾತ್ರ ಆ ಶಾಪ ಕಥೆಯಲ್ಲಷ್ಟೇ ಇದೆ ಅನಿಸಲಿಲ್ಲ. ದುಡ್ಡು ಮುಂಚೆ ಕೊಟ್ಟಿರಲಿ, ಆಮೇಲೆ ಕೊಡಲಿ, ಬಡಿಸುವವರನ್ನು ಸೌಟು ತಟ್ಟೆಗಳ ಸಾಲಿಗೆ ಸೇರಿಸಿಬಿಡುವುದು ಉಣ್ಣುವವರಿಗೆ ಬಹಳ ಸುಲಭ.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ರುಚಿಯ ಮಾತಾದರೆ ಅವರವರ ನಾಲಿಗೆ. ಸುಖದ ಮಾತಾದರೆ ಹಡಗೇ ಸರಿ, ಅದರಲ್ಲೂ ಹೆಂಗಸರಿಗೆ. ದಣಿದವರು ಹೋಗಿ ಬರಲಿ, ಯಾವ ಅಪರಾಧಿ ಭಾವವೂ ಬೇಡ. ಉಣ್ಣುವವರ ನಡತೆಯ ಮಾತಾದರೆ, ಹಡಗು ಹೆಚ್ಚು ಕಠಿಣವಾದ ಪರೀಕ್ಷೆ. ಅಲ್ಲಿ ಮರೆಯುವುದಕ್ಕೆ ಎಲ್ಲ ಏರ್ಪಾಡೂ ಇದೆ, ನೆನಪಿಸುವುದಕ್ಕೆ ಒಂದೂ ಇಲ್ಲ.

ನೆನಪಿಟ್ಟುಕೊಂಡವರು ಮಾಡಬಹುದಾದದ್ದು ದೊಡ್ಡದೇನಲ್ಲ. ಹಡಗಿನವರು ತಲೆಗೆ ದಿನಕ್ಕೆ 15-20 ಡಾಲರಿನಷ್ಟು ಭಕ್ಷೀಸನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಎಷ್ಟೋ ಕಡೆ ಕೊನೆಯ ದಿನ ಕೌಂಟರಿಗೆ ಹೋಗಿ ಕೇಳಿದರೆ ತೆಗೆದುಹಾಕುತ್ತಾರೆ. ಹಾಗೆ ಕೇಳುವವರ ಸಾಲೊಂದು ಕೊನೆಯ ಸಂಜೆ ನಿಂತಿತ್ತು, ನಮ್ಮವರೂ ಇದ್ದರು. ಆ ಸಾಲಿನಲ್ಲಿ ನಿಲ್ಲದಿರಬಹುದು. ಉಣ್ಣುವಷ್ಟೇ ಬಡಿಸಿಕೊಳ್ಳಬಹುದು. ಎದೆಯ ಮೇಲಿನ ಚೀಟಿಯಲ್ಲಿರುವ ಹೆಸರನ್ನು ಓದಿ ಕರೆಯಬಹುದು. ಅವರಿಂದ ಸೇವೆ ಪಡೆಯಬಹುದು, ಪ್ರೀತಿಯನ್ನು ವಸೂಲಿ ಮಾಡಬಾರದು. 'ಪಾಪ' ಎನ್ನುವುದೂ ಬೇಡ. ಅದು ಅಗ್ಗದ ಭಕ್ಷೀಸು. ಇಷ್ಟೆಲ್ಲ ಮಾಡಿದರೂ ಋಣ ತೀರುವುದಿಲ್ಲ ಎಂಬುದು ಅಳಿಯನಿಗೆ ನನ್ನ ಉತ್ತರ. ಸಾಲಕ್ಕೂ ಋಣಕ್ಕೂ ಇರುವ ಅಂತರವೇ ಅದು. ಸಾಲ ತೀರಿಸಿ ಕೈ ತೊಳೆಯಬಹುದು. ಅನ್ನದ ಋಣವನ್ನು ಹೊತ್ತುಕೊಂಡು, ಮುಂದೆ ಸಿಕ್ಕ ಯಾರಿಗೋ ಬಡಿಸಬೇಕು.

ಇದಕ್ಕೆ ಫ್ಲಾರಿಡಾಕ್ಕೇ ಹೋಗಬೇಕಾಗಿಲ್ಲ. ನಮ್ಮ ಊರಿನ ಕಲ್ಯಾಣಮಂಟಪಗಳಲ್ಲಿ ಈಗ ಮನೆಯವರು ಬಡಿಸುವುದು ನಿಂತುಹೋಗಿದೆ. ಕಂಟ್ರಾಕ್ಟಿನ ಹುಡುಗರು, ಈಚೆಗೆ ಹುಡುಗಿಯರು, ತಲೆಗೆ ಟೋಪಿ, ಕೈಗೆ ಗವುಸು ಹಾಕಿಕೊಂಡು ಮೂರು ಪಂಕ್ತಿ, ನಾಲ್ಕು ಪಂಕ್ತಿ ಬಡಿಸುತ್ತಾರೆ. ಹೋಳಿಗೆ ಬಿಸಿಯಿರಲಿಲ್ಲ, ಪಾಯಸಕ್ಕೆ ಗೋಡಂಬಿ ಸಾಲದು ಎಂದು ನಾವು ತಾಂಬೂಲ ತೆಗೆದುಕೊಂಡು ಹೊರಡುವ ಹೊತ್ತಿಗೆ ಅವರು ಹಿತ್ತಲಿನಲ್ಲಿ ಪಾತ್ರೆಗಳ ನಡುವೆ ಕೂತಿರುತ್ತಾರೆ. ಗಂಟೆ ನಾಲ್ಕಾಗಿರುತ್ತದೆ. ಮುಂದಿನ ಮದುವೆಯಲ್ಲಿ ಅತ್ತ ಒಂದು ಹೆಜ್ಜೆ ಹಾಕಿ, 'ನಿಮ್ಮದೆಲ್ಲ ಊಟವಾಯಿತೇ?' ಎಂದು ಕೇಳಿ ನೋಡಿ. ಆಗಿಲ್ಲವೆಂದರೆ ಸೆರಗು ಸಿಕ್ಕಿಸಿಕೊಳ್ಳುವುದು ನಮಗೇನೂ ಹೊಸತಲ್ಲವಲ್ಲ.